ಚೆಸ್‌ನಲ್ಲಿ ರೇಟಿಂಗ್ ಯಾಕೆ ನಿಂತುಬಿಡುತ್ತದೆ?

ಚೆಸ್ ಕಲಿತ ಮೊದಲ ಕೆಲವು ತಿಂಗಳು ಯಾರಿಗೂ ಬೇಸರ ಹುಟ್ಟುವುದಿಲ್ಲ. ಕಾಯಿಗಳನ್ನು ಪುಕ್ಕಟೆ ಬಿಟ್ಟುಕೊಡುವುದು ಕಡಿಮೆಯಾದರೆ ಸಾಕು, ಅರ್ಧ ಪಂದ್ಯ ಗೆದ್ದಂತೆಯೇ. ಕುದುರೆಯೊಂದು ಒಟ್ಟಿಗೇ ರಾಜನಿಗೂ ರಾಣಿಗೂ ಗುರಿಯಿಡುವುದು, ಒಂಟೆಯ ದಾರಿಯಲ್ಲಿ ಸಿಕ್ಕ ಕಾಯಿ ಅಲುಗಾಡಲಾಗದೆ ನಿಲ್ಲುವುದು, ಇಂಥ ಸಣ್ಣ ಪಟ್ಟುಗಳು ಕಣ್ಣಿಗೆ ಬೀಳತೊಡಗಿದಂತೆ ರೇಟಿಂಗ್ ನೂರು, ಇನ್ನೂರು, ಮುನ್ನೂರು ಎಂದು ಏರುತ್ತದೆ. ಆಮೇಲೆ ನಿಲ್ಲುತ್ತದೆ. ಪುಸ್ತಕ ಕೊಂಡದ್ದಾಯಿತು, ಕೋಚ್‌ಗೆ ಫೀಸು ಕಟ್ಟಿದ್ದಾಯಿತು, ದಿನಕ್ಕಿಷ್ಟು ಎಂದು ಪಜಲ್‌ಗಳನ್ನು ಬಿಡಿಸಿದ್ದಾಯಿತು. ಅಂಕೆ ಮಾತ್ರ ಒಂದು ವರ್ಷ, ಕೆಲವೊಮ್ಮೆ ಮೂರು ವರ್ಷ, ಇದ್ದಲ್ಲೇ ಇರುತ್ತದೆ. ಆಟ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಈ ಘಟ್ಟದಲ್ಲಿ.

ಬೇರೆ ಆಟಗಳಿಗಿಂತ ಇಲ್ಲಿ ನಿರಾಶೆ ಹೆಚ್ಚು ಚುಚ್ಚುವುದಕ್ಕೆ ಕಾರಣಗಳಿವೆ. ಚೆಸ್‌ನಲ್ಲಿ ದಾಳವಿಲ್ಲ, ಟಾಸ್‌ ಇಲ್ಲ, ಮಳೆ ಬಂದು ಪಿಚ್ ಕೆಡುವುದಿಲ್ಲ, ಕ್ಯಾಚ್ ಬಿಟ್ಟ ಜೊತೆಗಾರನನ್ನು ಬೈಯುವಂತಿಲ್ಲ. ಇಬ್ಬರಿಗೂ ಎಲ್ಲ ಕಾಯಿಗಳೂ ಕಣ್ಣೆದುರೇ ಇವೆ. ಸೋತವರಿಗೆ ನೆಪ ಸಿಗುವುದಿಲ್ಲ. ಅದರ ಮೇಲೆ ರೇಟಿಂಗ್ ಬೇರೆ. ಕೇರಂ ಆಡುವವರಿಗೆ ತಮ್ಮ ಮಟ್ಟ ಅಂದಾಜಿನಲ್ಲಿ ಗೊತ್ತಿರುತ್ತದೆ, ಚೆಸ್ ಆಡುವವರಿಗೆ ನಾಲ್ಕಂಕಿಯಲ್ಲಿ ಗೊತ್ತಿರುತ್ತದೆ, ಮತ್ತು ಅದು ಊರಿಗೆಲ್ಲ ಕಾಣುತ್ತದೆ. ಆದ್ದರಿಂದ ಆ ಅಂಕೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಮೊದಲು ನೋಡಬೇಕು. ನಿರಾಶೆಯ ದೊಡ್ಡ ಪಾಲು ಹುಟ್ಟುವುದು ಆಟದಿಂದಲ್ಲ, ಅಂಕೆಯನ್ನು ತಪ್ಪಾಗಿ ಓದುವುದರಿಂದ.

ಈಗಿನ ರೇಟಿಂಗ್ ಲೆಕ್ಕವನ್ನು ರೂಪಿಸಿದವರು ಹಂಗೇರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ. ಅಮೆರಿಕದ ಚೆಸ್ ಒಕ್ಕೂಟ ಅದನ್ನು 1960ರಲ್ಲಿ ಒಪ್ಪಿಕೊಂಡಿತು, ವಿಶ್ವ ಒಕ್ಕೂಟವಾದ ಫಿಡೆ 1970ರಲ್ಲಿ. ಲೆಕ್ಕದ ತಿರುಳು ಸರಳ. ಇಬ್ಬರ ನಡುವಿನ ರೇಟಿಂಗ್ ವ್ಯತ್ಯಾಸದಿಂದ ಪಂದ್ಯದ ನಿರೀಕ್ಷಿತ ಫಲ ಸಿಗುತ್ತದೆ. 100 ಅಂಕ ಮುಂದಿರುವವರು ನೂರು ಪಂದ್ಯಗಳಲ್ಲಿ ಸುಮಾರು 64 ಪಾಯಿಂಟ್ ಗಳಿಸಬೇಕು, 200 ಮುಂದಿದ್ದರೆ 76, 400 ಮುಂದಿದ್ದರೆ 91. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ರೇಟಿಂಗ್ ಏರುತ್ತದೆ, ಕಡಿಮೆ ಗಳಿಸಿದರೆ ಇಳಿಯುತ್ತದೆ. ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು 'ಕೆ' ಎಂಬ ಗುಣಾಂಕ ತೀರ್ಮಾನಿಸುತ್ತದೆ. ಫಿಡೆ ಪಟ್ಟಿಗೆ ಹೊಸದಾಗಿ ಸೇರಿದವರಿಗೂ 2300 ಮುಟ್ಟದ 18ರೊಳಗಿನವರಿಗೂ ಅದು 40, ಉಳಿದ ಹೆಚ್ಚಿನವರಿಗೆ 20, ಒಮ್ಮೆ 2400 ಮುಟ್ಟಿದವರಿಗೆ 10.

ಈ ಅಳತೆ ಎಷ್ಟು ಅಲುಗಾಡುತ್ತದೆ ಎಂಬುದು ಅದನ್ನು ಮಾಡಿದವರಿಗೇ ಚೆನ್ನಾಗಿ ಗೊತ್ತಿತ್ತು. ನೀರಿನ ಮೇಲೆ ಏಳುತ್ತ ಬೀಳುತ್ತ ಇರುವ ಬಿರಡೆಯ ಎತ್ತರವನ್ನು, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಅಳತೆಗೋಲಿನಿಂದ ಅಳೆದಂತೆ ಎಂದು ಎಲೋ ತಮ್ಮ ವಿಧಾನದ ಬಗ್ಗೆ ತಾವೇ ಹೇಳಿದ್ದರು. ಒಂದು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಒಂಬತ್ತು ಸುತ್ತಿನ ಟೂರ್ನಿಯೊಂದರಲ್ಲಿ ಎದುರಾಳಿಗಳೆಲ್ಲ ಸರಿಸಮಾನರು, ಡ್ರಾಗಳೇ ಇಲ್ಲ ಎಂದು ಇಟ್ಟುಕೊಳ್ಳಬಹುದು. ನಿರೀಕ್ಷಿತ ಗಳಿಕೆ ನಾಲ್ಕೂವರೆ ಪಾಯಿಂಟ್. ಆಟದ ಮಟ್ಟ ಎಳ್ಳಷ್ಟೂ ಬದಲಾಗದಿದ್ದರೂ ನೂರು ಟೂರ್ನಿ ಆಡಿದರೆ ಸುಮಾರು ಒಂಬತ್ತು ಟೂರ್ನಿಗಳಲ್ಲಿ ಎರಡು ಪಾಯಿಂಟ್ ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ಎರಡೇ ಪಾಯಿಂಟ್ ಬಂದರೆ ಕೆ 20 ಇರುವವರಿಗೆ 50 ಅಂಕ ಹೋಯಿತು, 40 ಇರುವ ಮಗುವಿಗೆ 100. ಇನ್ನೊಂಬತ್ತು ಟೂರ್ನಿಗಳಲ್ಲಿ ಅಷ್ಟೇ ಆಕಸ್ಮಿಕವಾಗಿ ಏಳು ಅಥವಾ ಅದಕ್ಕೂ ಹೆಚ್ಚು ಪಾಯಿಂಟ್ ಬರುತ್ತದೆ. ಆಗ ಮಾತ್ರ ಅದನ್ನು ಆಕಸ್ಮಿಕ ಎಂದು ಯಾರೂ ಕರೆಯುವುದಿಲ್ಲ. ಆನ್‌ಲೈನ್ ಆಟದಲ್ಲೂ ಇದೇ ಗಣಿತ. ಸಮಬಲರೊಡನೆ ಡ್ರಾಗಳಿಲ್ಲದೆ 200 ಪಂದ್ಯ ಆಡಿದರೆ, ಎಲ್ಲಾದರೂ ಒಂದು ಕಡೆ ಸತತ ಆರು ಸೋಲು ಬರುವ ಸಾಧ್ಯತೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು. ಆರು ಪಂದ್ಯ ಸೋತು ತಲೆಯೇ ಕೆಟ್ಟಿದೆ ಎಂದುಕೊಳ್ಳುವವರಲ್ಲಿ ಬಹುಪಾಲು ಮಂದಿಗೆ ಬರಬೇಕಾದದ್ದೇ ಬಂದಿರುತ್ತದೆ.

ಎರಡನೆಯ ಸಂಗತಿ ಇನ್ನೂ ಮುಖ್ಯ, ಆದರೆ ಅದನ್ನು ಹೇಳುವವರು ಕಡಿಮೆ. ರೇಟಿಂಗ್ ಯಾರೊಬ್ಬರ ಆಟದ ಗುಣವನ್ನೂ ನೇರವಾಗಿ ಅಳೆಯುವುದಿಲ್ಲ, ಸುತ್ತಲಿನವರಿಗೆ ಹೋಲಿಸಿ ಅಳೆಯುತ್ತದೆ. ಇಬ್ಬರ ಕೆ ಒಂದೇ ಆಗಿದ್ದರೆ ಒಬ್ಬರು ಗಳಿಸಿದ್ದೇ ಇನ್ನೊಬ್ಬರು ಕಳೆದುಕೊಂಡದ್ದು. ಒಂದು ಊರಿನ ಆಟಗಾರರೆಲ್ಲ ಒಟ್ಟಿಗೆ ಸುಧಾರಿಸಿ, ತಮ್ಮತಮ್ಮಲ್ಲೇ ಆಡಿಕೊಂಡಿದ್ದರೆ ಯಾರ ಅಂಕೆಯೂ ಏರುವುದಿಲ್ಲ. ಭಾರತದ ಟೂರ್ನಿಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಹತ್ತು ವರ್ಷದ ಹುಡುಗಿ ಆರು ತಿಂಗಳಲ್ಲಿ ಕಲಿತದ್ದು ಅವಳ ರೇಟಿಂಗ್‌ನಲ್ಲಿ ಇನ್ನೂ ಕಾಣಿಸಿಕೊಂಡಿರುವುದಿಲ್ಲ. ಎದುರು ಕೂತ ಬ್ಯಾಂಕ್ ನೌಕರರ ಕಣ್ಣಿಗೆ ಆಕೆ 1450, ಬೋರ್ಡಿನ ಮೇಲೆ 1700. ಅವರು ಸೋತು, ಸಣ್ಣವರ ಕೈಲಿ ಸೋತೆನಲ್ಲ ಎಂದು ಎರಡು ದಿನ ಕೊರಗುತ್ತಾರೆ. ಕೆಳಹಂತದ ರೇಟಿಂಗ್‌ಗಳು ಹೀಗೆ ಕುಸಿಯುತ್ತಿರುವುದನ್ನು ಫಿಡೆಯೇ ಕೊನೆಗೆ ಒಪ್ಪಿಕೊಂಡಿತು. 2024ರ ಮಾರ್ಚ್ 1ರಂದು 2000ಕ್ಕಿಂತ ಕೆಳಗಿನವರೆಲ್ಲರ ರೇಟಿಂಗ್ ಅನ್ನು ಒಂದೇ ಬಾರಿಗೆ ಏರಿಸಿತು: 2000ಕ್ಕೆ ಎಷ್ಟು ಕಡಿಮೆಯಿದೆಯೋ ಅದರ ಶೇ 40ರಷ್ಟು. ಅದರಂತೆ 1500 ಇದ್ದವರು ರಾತ್ರೋರಾತ್ರಿ 1700 ಆದರು. ಕನಿಷ್ಠ ರೇಟಿಂಗ್ 1000ದಿಂದ 1400ಕ್ಕೆ ಏರಿತು. ಆ ರಾತ್ರಿ ಯಾರೂ ಒಂದು ಹೊಸ ನಡೆಯನ್ನೂ ಕಲಿತಿರಲಿಲ್ಲ.

ಅಂಕೆಯ ಮಾತು ಹೀಗಾದರೆ, ಆಟದೊಳಗೆ ನಿಜವಾಗಿ ಬೆಳೆಯುವುದೇನು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್. ಸ್ವತಃ ಒಳ್ಳೆಯ ಆಟಗಾರರಾಗಿದ್ದ ಅವರು, ಬಲ್ಲವರನ್ನೂ ಸಾಧಾರಣರನ್ನೂ ಕೂರಿಸಿ, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿ ಬರೆದುಕೊಂಡರು. 1946ರಲ್ಲಿ ಬಂದ ಅವರ ಅಧ್ಯಯನ ಎಲ್ಲರ ಊಹೆಯನ್ನು ತಲೆಕೆಳಗು ಮಾಡಿತು. ಬಲ್ಲವರು ಹೆಚ್ಚು ನಡೆಗಳನ್ನಾಗಲಿ ತೀರ ಆಳವಾಗಿಯಾಗಲಿ ಎಣಿಸುತ್ತಿರಲಿಲ್ಲ. ಒಳ್ಳೆಯ ನಡೆ ಅವರಿಗೆ ಮೊದಲೇ ಕಾಣುತ್ತಿತ್ತು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದನ್ನು ಮುಂದುವರಿಸಿದರು. ನಿಜವಾದ ಪಂದ್ಯದ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ಮಾಸ್ಟರ್ ಮಟ್ಟದವರು ಸುಮಾರು 16 ಕಾಯಿಗಳನ್ನು ಸರಿಯಾಗಿ ಮರಳಿ ಇಟ್ಟರು, ಹೊಸಬರು ನಾಲ್ಕನ್ನು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಮಾಸ್ಟರ್ ಕೂಡ ಹೊಸಬರ ಮಟ್ಟಕ್ಕೇ ಇಳಿದರು. ನಂತರದ ಪ್ರಯೋಗಗಳಲ್ಲಿ ಚೆಲ್ಲಾಪಿಲ್ಲಿ ಜೋಡಣೆಯಲ್ಲೂ ಬಲ್ಲವರಿಗೆ ಕೊಂಚ ಮೇಲುಗೈ ಕಂಡಿತು, ಆದರೆ ತೀರ ಕೊಂಚ. ಬೆಳೆಯುವುದು ನೆನಪಿನ ಶಕ್ತಿಯಲ್ಲ, ಪರಿಚಿತ ಜೋಡಣೆಗಳ ಸಂಗ್ರಹ. ಕೋಟೆ ಕಟ್ಟಿ ಕೂತ ರಾಜ, ಅವನ ಮುಂದಿನ ಮೂರು ಕಾಲಾಳು, ಪಕ್ಕದ ಕುದುರೆ ಇವೆಲ್ಲ ಸೇರಿ ಬಲ್ಲವರ ಕಣ್ಣಿಗೆ ಒಂದೇ ವಸ್ತು. ಮಾಸ್ಟರ್ ಒಬ್ಬರ ತಲೆಯಲ್ಲಿ ಇಂಥವು 50,000ದಷ್ಟು ಇರಬಹುದೆಂದು ಚೇಸ್ ಮತ್ತು ಸೈಮನ್ ಅಂದಾಜಿಸಿದರು. ಈ ಸಂಗ್ರಹಕ್ಕೆ ಒಂದೊಂದಾಗಿ ಸೇರುವ ಜೋಡಣೆ ರೇಟಿಂಗ್‌ನಲ್ಲಿ ಕಾಣುವುದಿಲ್ಲ. ಅದು ಪಂದ್ಯವೊಂದರಲ್ಲಿ, ಸರಿಯಾದ ಗಳಿಗೆಯಲ್ಲಿ ಎದುರಾಗಬೇಕು, ಆಗಲೇ ಅದಕ್ಕೆ ಬೆಲೆ.

ಏರಿಕೆ ನಡುನಡುವೆ ನಿಲ್ಲುವ ಬಗೆಯನ್ನು ಮೊದಲು ಗುರುತಿಸಿದ್ದು ಚೆಸ್‌ನಲ್ಲಲ್ಲ, ತಂತಿ ಕಚೇರಿಯಲ್ಲಿ. 1890ರ ದಶಕದಲ್ಲಿ ಅಮೆರಿಕದ ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಮೋರ್ಸ್ ಸಂಕೇತ ಕಲಿಯುವವರ ವೇಗವನ್ನು ವಾರವಾರವೂ ಅಳೆದರು. ಸಂದೇಶ ಕಳುಹಿಸುವ ವೇಗ ಏರುತ್ತ ಹೋದರೆ, ಕೇಳಿ ಬರೆದುಕೊಳ್ಳುವ ವೇಗ ಒಂದು ಹಂತದಲ್ಲಿ ವಾರಗಟ್ಟಲೆ ನಿಂತು, ಆಮೇಲೆ ಮತ್ತೆ ಏರುತ್ತಿತ್ತು. ಅಕ್ಷರ ಅಕ್ಷರವಾಗಿ ಕೇಳುವುದನ್ನು ಬಿಟ್ಟು ಪದ ಪದವಾಗಿ, ನಂತರ ಪದಗುಚ್ಛವಾಗಿ ಕೇಳುವ ಅಭ್ಯಾಸ ಕೂಡಿಬರುವ ತನಕ ಆ ನಿಲುಗಡೆ ಎಂದು ಅವರು ವಿವರಿಸಿದರು. ಎಲ್ಲ ಕೌಶಲಗಳಲ್ಲೂ ಇಂಥ ನಿಲುಗಡೆ ಬರಲೇಬೇಕೆಂದಿಲ್ಲ, ನಂತರದ ಸಂಶೋಧಕರಿಗೆ ಅದು ಪ್ರತಿಬಾರಿಯೂ ಕಂಡಿಲ್ಲ. ಆದರೂ ಚೆಸ್ ಆಡುವವರ ಅನುಭವಕ್ಕೆ ಇದಕ್ಕಿಂತ ಹತ್ತಿರದ ವಿವರಣೆ ಸಿಗುವುದು ಕಷ್ಟ.

ಕೆಲವೊಮ್ಮೆ ಕಲಿತದ್ದೇ ಅಡ್ಡ ಬರುತ್ತದೆ. 2008ರಲ್ಲಿ ಮೆರಿಮ್ ಬಿಲಾಲಿಚ್, ಪೀಟರ್ ಮೆಕ್ಲಿಯೋಡ್ ಮತ್ತು ಫರ್ನಾಂಡ್ ಗೊಬೆ ನುರಿತ ಆಟಗಾರರ ಮುಂದೆ ಒಂದು ಸ್ಥಿತಿ ಇಟ್ಟರು. ಎಲ್ಲರಿಗೂ ಗೊತ್ತಿರುವ ಐದು ನಡೆಯ ಮೇಟ್ ಅದರಲ್ಲಿತ್ತು, ಅಷ್ಟು ಪರಿಚಿತವಲ್ಲದ ಮೂರು ನಡೆಯ ಮೇಟ್ ಕೂಡ ಇತ್ತು. ಆಟಗಾರರು ಉದ್ದದ್ದನ್ನು ತಕ್ಷಣ ಕಂಡುಕೊಂಡು, ಇನ್ನೂ ಚಿಕ್ಕದು ಇದೆಯೇ ಎಂದು ಹುಡುಕುತ್ತಿದ್ದೇವೆ ಎಂದೇ ಹೇಳಿದರು. ಕಣ್ಣಿನ ಚಲನೆ ಅಳೆಯುವ ಯಂತ್ರ ಬೇರೆ ಹೇಳಿತು: ದೃಷ್ಟಿ ಮೊದಲ ಉಪಾಯದ ಮನೆಗಳ ಮೇಲೇ ಸುತ್ತುತ್ತಿತ್ತು. ಹಳೆಯ ರೂಢಿ ಕಳಚಿ ಹೊಸದು ಕೂರಿಸಿಕೊಳ್ಳುವಾಗ ಆಟ ಕೆಲಕಾಲ ಹದಗೆಡುವುದೂ ಉಂಟು. ಹೊಸ ಓಪನಿಂಗ್ ಹಿಡಿದಾಗಿನ, ಬರೀ ದಾಳಿ ಮಾಡುತ್ತಿದ್ದವರು ಎಂಡ್‌ಗೇಮ್ ಕಲಿಯಹೊರಟಾಗಿನ ಕುಸಿತವನ್ನು ಹಿನ್ನಡೆ ಎಂದು ಲೆಕ್ಕಹಾಕುವುದು ಅವಸರ.

ಎಷ್ಟು ಕಾಲ ಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಗೊಬೆ ಮತ್ತು ಗಿಯೆರ್ಮೊ ಕಾಂಪಿತೆಲಿ ಅರ್ಜೆಂಟೀನಾದ 104 ಆಟಗಾರರನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮಾಸ್ಟರ್ ಮಟ್ಟ ಮುಟ್ಟಲು ಸರಾಸರಿ 11,000 ಗಂಟೆ ಹಿಡಿದಿತ್ತು. ಆದರೆ ಒಬ್ಬರಿಗೆ 3,000 ಗಂಟೆ ಸಾಕಾಗಿದ್ದರೆ ಇನ್ನೊಬ್ಬರಿಗೆ 23,000ಕ್ಕೂ ಹೆಚ್ಚು ಬೇಕಾಗಿತ್ತು. ಅದಕ್ಕೂ ಹೆಚ್ಚು ದುಡಿದು ಆ ಮಟ್ಟ ಮುಟ್ಟದವರೂ ಅದೇ ಗುಂಪಿನಲ್ಲಿದ್ದರು. ಹತ್ತು ಸಾವಿರ ಗಂಟೆ ದುಡಿದರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಎಂದು ತರಬೇತಿಯ ಜಾಹೀರಾತುಗಳಲ್ಲಿ ಬರುವ ಮಾತು ಈ ಅಂಕೆಗಳ ಮುಂದೆ ನಿಲ್ಲುವುದಿಲ್ಲ.

ನಿಧಾನಕ್ಕೆ ದೊಡ್ಡ ಉದಾಹರಣೆ ಬೇಕಿದ್ದರೆ ತಮಿಳುನಾಡಿನ ನಾಗರಕೋಯಿಲ್‌ನ ಪಿ. ಶ್ಯಾಮ್‌ನಿಖಿಲ್ ಇದ್ದಾರೆ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಮುಟ್ಟಬೇಕು, ಜೊತೆಗೆ ಮೂರು ನಾರ್ಮ್, ಅಂದರೆ ಟೂರ್ನಿಯಲ್ಲಿ ನಿಗದಿತ ಮಟ್ಟದ ಪ್ರದರ್ಶನ, ಬೇಕು. 2012ರ ಹೊತ್ತಿಗೆ ಅವರ ಬಳಿ ರೇಟಿಂಗೂ ಇತ್ತು, ಎರಡು ನಾರ್ಮ್‌ಗಳೂ ಇದ್ದವು. ಮೂರನೆಯದು ಸಿಕ್ಕಿದ್ದು 2024ರ ಮೇ ತಿಂಗಳಲ್ಲಿ, ದುಬೈನ ಟೂರ್ನಿಯಲ್ಲಿ. ಅಲ್ಲೂ ಆರ್ಭಟವೇನಿಲ್ಲ: ಒಂದು ಗೆಲುವು, ಎಂಟು ಡ್ರಾ. ಭಾರತದ 85ನೇ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರಿಗೆ 31 ವರ್ಷ. ಆ ಹನ್ನೆರಡು ವರ್ಷಗಳಲ್ಲಿ ಹನ್ನೆರಡು ವರ್ಷ ತುಂಬಿದ ಮಕ್ಕಳು ಅದೇ ಪದವಿ ಪಡೆದು ಮುಂದೆ ಹೋಗಿದ್ದರು, ಡಿ. ಗುಕೇಶ್‌ಗೆ ಅದು ಸಿಕ್ಕಿದ್ದು 2019ರಲ್ಲಿ, 12 ವರ್ಷ 7 ತಿಂಗಳ ವಯಸ್ಸಿಗೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕೂಡ ಆ ಪದವಿಗೇರಿದ್ದು 2017ರಲ್ಲಿ, ಮೂವತ್ತು ದಾಟಿದ ಮೇಲೆ, ರೈಲ್ವೆ ನೌಕರಿಯಲ್ಲಿದ್ದುಕೊಂಡೇ.

ಗಂಟೆಗಳ ಲೆಕ್ಕಕ್ಕಿಂತ ಆ ಗಂಟೆಗಳಲ್ಲಿ ಮಾಡುವುದೇನು ಎಂಬುದು ಮುಖ್ಯ. ನೀಲ್ ಚಾರ್ನೆಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಗಾರರ ಮಟ್ಟದೊಡನೆ ಹೆಚ್ಚು ಹೊಂದಿಕೆಯಾದದ್ದು ಆಡಿದ ಟೂರ್ನಿಗಳ ಸಮಯವಲ್ಲ, ಒಬ್ಬರೇ ಕೂತು ಗಂಭೀರವಾಗಿ ಓದಿದ ಸಮಯ. ಫೋನಿನಲ್ಲಿ ಮೂರು ನಿಮಿಷದ ಬ್ಲಿಟ್ಜ್ ಸಾವಿರ ಪಂದ್ಯ ಆಡಿ ಸುಧಾರಣೆ ಕಾಣದವರ ದೂರಿಗೆ ಇದರಲ್ಲಿ ಉತ್ತರವಿದೆ. ಬ್ಲಿಟ್ಜ್‌ನಲ್ಲಿ ಈಗಾಗಲೇ ಗೊತ್ತಿರುವುದು ಚುರುಕಾಗುತ್ತದೆ, ಗೊತ್ತಿಲ್ಲದ್ದು ಗೊತ್ತಿಲ್ಲದೇ ಉಳಿಯುತ್ತದೆ, ತಪ್ಪು ರೂಢಿಗಳು ಗಟ್ಟಿಯಾಗುತ್ತವೆ.

ಗಂಭೀರ ಓದು ಎಂದರೆ ಮೊದಲಿಗೆ ತನ್ನದೇ ಸೋಲುಗಳ ಓದು. ಇದನ್ನು ಶಿಸ್ತಾಗಿ ಬೆಳೆಸಿದವರು ಸೋವಿಯತ್ ಒಕ್ಕೂಟದ ಮಿಖಾಯಿಲ್ ಬೋತ್ವಿನ್ನಿಕ್. ಆಡಿದ ಪಂದ್ಯಗಳಿಗೆ ಟಿಪ್ಪಣಿ ಬರೆದು ಅಚ್ಚು ಹಾಕಿಸಬೇಕು, ಆಗ ತಪ್ಪಿದ್ದರೆ ಬೇರೆಯವರು ಎತ್ತಿ ತೋರಿಸುತ್ತಾರೆ ಎಂಬುದು ಅವರ ನಿಲುವು. 1957ರಲ್ಲಿ ಸ್ಮಿಸ್ಲೋವ್‌ಗೆ ವಿಶ್ವ ಪಟ್ಟ ಬಿಟ್ಟುಕೊಟ್ಟು 1958ರಲ್ಲಿ ಮರಳಿ ಪಡೆದರು, 1960ರಲ್ಲಿ ತಾಲ್‌ಗೆ ಸೋತು 1961ರಲ್ಲಿ ಮತ್ತೆ ಗೆದ್ದರು. ಎರಡನೆಯ ಸಲ ಗೆದ್ದಾಗ ಅವರಿಗೆ ಐವತ್ತು ಸಮೀಪಿಸಿತ್ತು. (ಸಿಗರೇಟಿನ ಹೊಗೆ ತಮ್ಮನ್ನು ಕೆಡಿಸುತ್ತದೆಂದು ಗೊತ್ತಾದಾಗ ಅಭ್ಯಾಸ ಪಂದ್ಯಗಳಲ್ಲಿ ಎದುರಾಳಿಯಿಂದ ಮುಖಕ್ಕೇ ಹೊಗೆ ಬಿಡಿಸಿಕೊಂಡವರು ಅವರು. ಅಷ್ಟು ದೂರ ಎಲ್ಲರೂ ಹೋಗಬೇಕಿಲ್ಲ.)

ಹವ್ಯಾಸಿ ಆಟಗಾರರ ಪಾಲಿಗೆ ಈ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ ನೋಡಬಹುದು. ಕರಿಯ ರಾಜ ಜಿ8ರಲ್ಲಿದ್ದಾನೆ, ಮುಂದೆ ಎಫ್7, ಜಿ7, ಎಚ್7ರಲ್ಲಿ ಕದಲದ ಮೂರು ಕಾಲಾಳು. ಹಿಂದಿನ ಸಾಲನ್ನು ಕಾಯುತ್ತಿರುವುದು ಎ8ರ ಆನೆ ಒಂದೇ. ಅದು ಹೋಗಿ ಎ2ರಲ್ಲಿ ಪುಕ್ಕಟೆ ಕೂತ ಕಾಲಾಳನ್ನು ಹೊಡೆಯುತ್ತದೆ. ಬಿಳಿಯ ಆನೆ ಡಿ1ರಿಂದ ಡಿ8ಕ್ಕೆ ಬಂದು ಮೇಟ್. ಪಂದ್ಯ ಮುಗಿದ ಕೂಡಲೇ ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಮ್‌ಗೆ ಹಾಕಿದರೆ ಆ ನಡೆಯ ಪಕ್ಕ ಎರಡು ಕೆಂಪು ಪ್ರಶ್ನೆಚಿಹ್ನೆ ಬೀಳುತ್ತದೆ. ಅದು ತಪ್ಪೆಂಬಷ್ಟು ಸೋತವರಿಗೆ ಗೊತ್ತೇ ಇತ್ತು. ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಬೇರೆ: ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಬಾಕಿಯಿತ್ತು, ನಡೆಗೆ ಖರ್ಚಾದದ್ದು ಹದಿನೈದು ಸೆಕೆಂಡು, ಕಾಲಾಳು ಸಿಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು, ಎದುರಾಳಿ ಚೆಕ್ ಕೊಡಬಲ್ಲನೇ ಎಂದು ನೋಡಲಿಲ್ಲ. ಇಂಥ ಇಪ್ಪತ್ತು ಮೂವತ್ತು ಪಂದ್ಯಗಳ ಟಿಪ್ಪಣಿ ಕೂಡಿದಾಗ ಸೋಲುಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ, ಎರಡು ಮೂರು ಬಗೆಗಳಿಗೆ ಇಳಿಯುತ್ತವೆ. ಒಬ್ಬರಿಗೆ ಅದು ಅವಸರದ ಹೊಡೆತ, ಇನ್ನೊಬ್ಬರಿಗೆ ಸಮಯದ ಕೊರತೆ, ಮತ್ತೊಬ್ಬರಿಗೆ ಗೆಲ್ಲುವ ಸ್ಥಿತಿ ಬಂದ ಮೇಲಿನ ಉದಾಸೀನ. ಅಭ್ಯಾಸ ಯಾವುದರದಾಗಬೇಕು ಎಂಬುದು ಆಗ ಗೊತ್ತಾಗುತ್ತದೆ. ಕಂಪ್ಯೂಟರನ್ನು ಕೇಳಬಾರದೆಂದಲ್ಲ, ತನ್ನ ಟಿಪ್ಪಣಿ ಮುಗಿದ ಮೇಲೆ ಕೇಳಬೇಕು. ಸರಿ ನಡೆ ಯಾವುದೆಂದು ಅದು ಹೇಳಬಲ್ಲದು, ತಪ್ಪು ನಡೆ ಯಾಕೆ ಚೆನ್ನಾಗಿ ಕಂಡಿತೆಂದು ಹೇಳಲಾರದು.

ಸೋಲಿನ ಬಿಸಿ ಆರುವ ಮೊದಲು ಏನು ಮಾಡಬೇಕೆಂಬುದು ಇನ್ನೊಂದು ಸಮಸ್ಯೆ. ದೊಡ್ಡವರೂ ಎಡವುತ್ತಾರೆ ಎಂಬುದು ಬರೀ ಸಮಾಧಾನದ ಮಾತಲ್ಲ. 2006ರ ನವೆಂಬರಿನಲ್ಲಿ ಜರ್ಮನಿಯ ಬಾನ್‌ನಲ್ಲಿ ಅಂದಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ಡೀಪ್ ಫ್ರಿಟ್ಜ್ ಕಂಪ್ಯೂಟರಿನ ಎದುರು ಸರಿಸಮನಾಗಿ ಆಡುತ್ತಿದ್ದು, ರಾಣಿಯನ್ನು ನಿಶ್ಚಿಂತೆಯಿಂದ ಇ3ಕ್ಕೆ ಇಟ್ಟರು. ಮರುನಡೆಯಲ್ಲೇ ಎಚ್7ರಲ್ಲಿ ಮೇಟ್ ಆಯಿತು. ಒಂದೇ ನಡೆಯ ಮೇಟ್, ಶಾಲಾ ಮಕ್ಕಳ ಪಜಲ್ ಪುಸ್ತಕದ ಮೊದಲ ಪುಟದಂಥದು. ಎಚ್7ಕ್ಕೆ ಕಾವಲಾಗಿದ್ದ ಬಿಳಿ ಕುದುರೆ ಕೂತದ್ದು ಎಫ್8ರಲ್ಲಿ; ಆ ಮನೆಯಿಂದ ಕುದುರೆ ಮೇಟ್‌ಗೆ ಬೆಂಬಲ ಕೊಡುವುದು ಅಪರೂಪ. ಅಷ್ಟು ದೊಡ್ಡ ಸಂಗ್ರಹದಲ್ಲೂ ಆ ಜೋಡಣೆ ಮೇಲ್ಪದರದಲ್ಲಿ ಇರಲಿಲ್ಲ ಎಂದು ಊಹಿಸಬಹುದು.

ಎಡವಿದ ಮೇಲೆ ಸಾವರಿಸಿಕೊಂಡವರೂ ಇದ್ದಾರೆ. 2024ರ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಪಂದ್ಯವನ್ನು ಸಿಂಗಪುರದಲ್ಲಿ ಗುಕೇಶ್ ಬಿಳಿ ಕಾಯಿಗಳಲ್ಲಿ ಆಡಿಯೂ ಡಿಂಗ್ ಲಿರೆನ್‌ಗೆ ಸೋತರು. ಎರಡನೆಯದು ಡ್ರಾ, ಮೂರನೆಯದರಲ್ಲಿ ಗೆಲುವು. ಹನ್ನೊಂದನೆಯದನ್ನು ಗೆದ್ದು ಮುಂದಾದ ಮೇಲೆ ಹನ್ನೆರಡನೆಯದನ್ನು ಮತ್ತೆ ಕಳೆದುಕೊಂಡರು, ಕೊನೆಗೆ ಹದಿನಾಲ್ಕನೆಯದರಲ್ಲಿ ಡಿಂಗ್ ಮಾಡಿದ ತಪ್ಪಿನಿಂದ ಪಟ್ಟ ಸಿಕ್ಕಿತು. ಅವರ ತಂಡದಲ್ಲಿ ಮನೋಬಲದ ತರಬೇತಿಗೆಂದೇ ಪ್ಯಾಡಿ ಅಪ್ಟನ್ ಇದ್ದರು, 2011ರಲ್ಲಿ ವಿಶ್ವಕಪ್ ಗೆದ್ದ ಭಾರತದ ಕ್ರಿಕೆಟ್ ತಂಡದೊಡನೆ ಕೆಲಸ ಮಾಡಿದವರು. ಆ ಪಂದ್ಯಮಾಲೆಯ ಏರ್ಪಾಡಿನಲ್ಲೇ ಒಂದು ಅನುಕೂಲವಿತ್ತು: ದಿನಕ್ಕೆ ಒಂದೇ ಪಂದ್ಯ, ನಡುನಡುವೆ ವಿಶ್ರಾಂತಿ ದಿನ. ಆನ್‌ಲೈನ್ ಆಡುವವರಿಗೆ ಅದಿಲ್ಲ. ಸೋತ ಎರಡೇ ಸೆಕೆಂಡಿನಲ್ಲಿ ಮರುಪಂದ್ಯದ ಗುಂಡಿ ಬೆರಳ ಬುಡಕ್ಕೇ ಬರುತ್ತದೆ, ಕಳೆದ ಅಂಕ ಮರಳಿ ಪಡೆಯುವ ಹಟದಲ್ಲಿ ರಾತ್ರಿ ಒಂದು ಗಂಟೆಗೆ ನೂರೈವತ್ತು ಅಂಕ ಹೋಗಿರುತ್ತದೆ. ಸತತ ಎರಡು ಸೋತರೆ ಅಂದಿಗೆ ನಿಲ್ಲಿಸುವುದು ಎಂಬ ಮೊದಲೇ ಹಾಕಿಕೊಂಡ ಕಟ್ಟಳೆ ಇಲ್ಲಿ ಕೆಲಸ ಮಾಡುತ್ತದೆ. ಸೋತ ಮೇಲೆ ಹಾಕಿಕೊಳ್ಳುವ ಕಟ್ಟಳೆ ಕೆಲಸ ಮಾಡುವುದಿಲ್ಲ.

ಮಕ್ಕಳ ವಿಷಯದಲ್ಲಿ ಕಷ್ಟ ಹೆಚ್ಚಾಗಿ ಆಟದ ಕೋಣೆಯ ಹೊರಗೆ ಕಾಯುವ ಹೆತ್ತವರಿಂದ ಬರುತ್ತದೆ. ಬಾಗಿಲಿನಿಂದ ಹೊರಬಂದ ಮಗುವಿಗೆ ಬೀಳುವ ಮೊದಲ ಪ್ರಶ್ನೆ ಗೆದ್ದೆಯಾ ಎಂಬುದೇ ಆದರೆ, ಮಗು ಕ್ರಮೇಣ ಡ್ರಾ ಕೇಳುವುದನ್ನು, ಗೆಲ್ಲಲು ಸುಲಭವಾದ ಟೂರ್ನಿ ಆರಿಸುವುದನ್ನು, ರೇಟಿಂಗ್ ಕಾಪಾಡಿಕೊಳ್ಳಲು ಆಡದೇ ಇರುವುದನ್ನು ಕಲಿಯುತ್ತದೆ. ಕೆ 40 ಇರುವ ವಯಸ್ಸಿನಲ್ಲಿ ರೇಟಿಂಗ್ ಕಾಪಾಡುವುದು ಅರ್ಥವಿಲ್ಲದ ಕೆಲಸ. ನಾಲ್ಕು ಒಳ್ಳೆಯ ಪಂದ್ಯಗಳಲ್ಲಿ ಹೋದದ್ದೆಲ್ಲ ಬರುತ್ತದೆ.

ವಯಸ್ಕರ ಲೆಕ್ಕವೇ ಬೇರೆ. ವಾರಕ್ಕೆ ನಾಲ್ಕು ಗಂಟೆ ಹೊಂದಿಸಬಲ್ಲವರಿಗೆ ವರ್ಷಕ್ಕೆ ಇನ್ನೂರು ಗಂಟೆ ಸಿಗುತ್ತದೆ. ಅರ್ಜೆಂಟೀನಾದ ಸರಾಸರಿಯಂತೆ ಮಾಸ್ಟರ್ ಆಗಲು ಅರ್ಧ ಶತಮಾನ ಬೇಕು. ಹಾಗಾಗಿ ಅವರ ಗುರಿ ಬೇರೆಯದೇ ಇರಬೇಕಾಗುತ್ತದೆ: ಒಂದು ಬಗೆಯ ಎಂಡ್‌ಗೇಮ್ ಕೈವಶ ಮಾಡಿಕೊಳ್ಳುವುದು, ಸಮಯದ ಕೊರತೆಗೆ ಸಿಲುಕದೆ ಟೂರ್ನಿ ಮುಗಿಸುವುದು, ಒಂದು ವರ್ಷದ ಹಿಂದಿನ ಹತ್ತು ಪಂದ್ಯಗಳನ್ನೂ ಈಗಿನ ಹತ್ತನ್ನೂ ಪಕ್ಕಪಕ್ಕ ಇಟ್ಟು ಮೊದಲ ದೊಡ್ಡ ತಪ್ಪು ಎಷ್ಟನೆಯ ನಡೆಗೆ ಬರುತ್ತಿದೆ ಎಂದು ನೋಡುವುದು. ಹದಿನೆಂಟನೆಯ ನಡೆಗೆ ಬರುತ್ತಿದ್ದದ್ದು ಇಪ್ಪತ್ತೆಂಟಕ್ಕೆ ಹೋಗಿದ್ದರೆ ರೇಟಿಂಗ್ ಏನೇ ಹೇಳಲಿ, ಆಟ ಬೆಳೆದಿದೆ. ಫಿಡೆ ಐವತ್ತು ದಾಟಿದವರಿಗೂ ಅರವತ್ತೈದು ದಾಟಿದವರಿಗೂ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತದೆ. ವಿಶ್ವನಾಥನ್ ಆನಂದ್ 2013ರಲ್ಲಿ ತಮ್ಮದೇ ಊರು ಚೆನ್ನೈನಲ್ಲಿ ಕಾರ್ಲ್‌ಸನ್‌ಗೆ ಪಟ್ಟ ಬಿಟ್ಟುಕೊಟ್ಟವರು, ಮರುವರ್ಷ ಮತ್ತೆ ಸೋತರು, 2017ರ ಕೊನೆಯಲ್ಲಿ ರಿಯಾದ್‌ನಲ್ಲಿ ವಿಶ್ವ ರ್‍ಯಾಪಿಡ್ ಪ್ರಶಸ್ತಿ ಗೆದ್ದಾಗ ಅವರಿಗೆ 48 ವರ್ಷ. ಆ ವಯಸ್ಸಿನ ಸಾಧಾರಣ ಆಟಗಾರರು ಪ್ರತಿವರ್ಷ ಹೊಸ ಮಕ್ಕಳ ಎದುರು ಕೂತು, 1600 ಎಂಬ ಅಂಕೆಯನ್ನು ಐದು ವರ್ಷ ಹಾಗೆಯೇ ಉಳಿಸಿಕೊಂಡಿದ್ದರೆ, ಅಷ್ಟರಮಟ್ಟಿಗೆ ಅವರ ಆಟ ಮುಂದೆ ಹೋಗಿದೆ ಎಂದೇ ಲೆಕ್ಕ.